ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಮಕ್ಕಳ ದವಡೆ ಕೀಲು ಹಾಳಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸಬೇಡಿ, ದವಡೆಯ ಕೀಲು ಸವೆದುಹೋಗುತ್ತದೆ, ಮುಂದೆ ಬಾಯಿ ತೆರೆಯಲೂ ಆಗುವುದಿಲ್ಲ. ಈ ಅರ್ಥದ ಸಂದೇಶಗಳನ್ನು ನೀವೂ ಫ್ಯಾಮಿಲಿ ಗ್ರೂಪ್‌ನಲ್ಲಿ ನೋಡಿರಬಹುದು. ಜೊತೆಗೆ ಇದಕ್ಕೆ ಸಂಪೂರ್ಣ ವಿರುದ್ಧವಾದ ಇನ್ನೊಂದು ಬಗೆಯ ಸಂದೇಶವೂ ಇರುತ್ತದೆ. ದವಡೆ ಟಕ್ ಟಕ್ ಎನ್ನುತ್ತಿದೆಯೇ, ತಲೆನೋವು ಇದೆಯೇ, ತಕ್ಷಣ ಹಲ್ಲು ಸರಿಪಡಿಸಿಕೊಳ್ಳಿ, ಎಲ್ಲ ವಾಸಿಯಾಗುತ್ತದೆ ಎಂದು ಅದು ಹೇಳುತ್ತದೆ.

ಒಂದು ಸಂದೇಶ ಹೆದರಿಸುತ್ತದೆ, ಇನ್ನೊಂದು ಆಸೆ ಹುಟ್ಟಿಸುತ್ತದೆ. ಎರಡನ್ನೂ ನಂಬಿದ ಮನೆಗಳಲ್ಲಿ ತೊಂದರೆ ಅನುಭವಿಸುವುದು ಮಕ್ಕಳೇ. ಹಾಗಾಗಿ ಈ ವಿಷಯದಲ್ಲಿ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ಹದಿಹರೆಯದಲ್ಲಿ ಸರಿಯಾದ ತಜ್ಞರು ನೀಡುವ ಹಲ್ಲು ಜೋಡಣೆಯ ಚಿಕಿತ್ಸೆ ಸಾಮಾನ್ಯವಾಗಿ ದವಡೆ ಕೀಲಿನ ತೊಂದರೆಯನ್ನು ಉಂಟುಮಾಡುವುದಿಲ್ಲ. ಹಾಗೆಯೇ ಅದನ್ನು ತಡೆಯುವುದೂ ಇಲ್ಲ, ಗುಣಪಡಿಸುವುದೂ ಇಲ್ಲ. ಎರಡೂ ಸಂದೇಶಗಳು ತಪ್ಪು. ಆದರೆ ದವಡೆಯ ಕೆಲವು ಲಕ್ಷಣಗಳನ್ನು ಮಾತ್ರ, ಕ್ಲಿಪ್ ಇರಲಿ ಇಲ್ಲದಿರಲಿ, ಕಡೆಗಣಿಸಬಾರದು. ಅವು ಯಾವುವು ಎಂದು ಲೇಖನದ ಕೊನೆಯ ಭಾಗದಲ್ಲಿ ವಿವರಿಸಿದ್ದೇವೆ. ಅದನ್ನು ತಪ್ಪದೆ ಓದಿ.

ದವಡೆ ಕೀಲು ಎಲ್ಲಿದೆ?

ನಿಮ್ಮ ಎರಡೂ ತೋರುಬೆರಳುಗಳನ್ನು ಕಿವಿಯ ಮುಂದೆ, ಕೆನ್ನೆ ಮತ್ತು ಕಿವಿ ಸೇರುವ ಜಾಗದಲ್ಲಿ ಇಟ್ಟುಕೊಳ್ಳಿ. ಈಗ ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಏನೋ ಉರುಳಿ ಮುಂದೆ ಸರಿದಂತೆ ಆಗುತ್ತದಲ್ಲವೇ? ಅದೇ ದವಡೆ ಕೀಲು. ವೈದ್ಯರು ಇದನ್ನು ಟಿಎಂಜೆ ಎಂದು ಕರೆಯುತ್ತಾರೆ.

ಮೊಣಕೈ ಕೀಲು ಬಾಗಿಲಿನ ತಿರುಗಣಿಯ ಹಾಗೆ ಮಡಚುತ್ತದೆ, ಬಿಚ್ಚುತ್ತದೆ. ದವಡೆ ಕೀಲು ಹಾಗಲ್ಲ. ಬಾಯಿ ತೆರೆಯಲು ಶುರುಮಾಡಿದಾಗ ಅದು ಮೊದಲು ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ಕೆಳದವಡೆಯ ಗುಂಡನೆಯ ತುದಿ ಮತ್ತು ತಲೆಬುರುಡೆಯ ಗುಳಿ, ಇವೆರಡರ ನಡುವೆ ಒಂದು ಸಣ್ಣ ಮೆತ್ತೆ ಇದೆ. ಇದನ್ನು ಡಿಸ್ಕ್ ಎನ್ನುತ್ತಾರೆ. ಬಾಯಿ ತೆರೆದಾಗ ಈ ಮೆತ್ತೆಯೂ ದವಡೆಯ ಜೊತೆ ಮುಂದೆ ಸರಿಯಬೇಕು. ಅದು ತನ್ನ ಜಾಗದಿಂದ ಸ್ವಲ್ಪ ಜಾರಿದ್ದರೆ, ಬಾಯಿ ತೆರೆಯುವಾಗ ದವಡೆಯ ತುದಿ ಅದರ ಮೇಲೆ ಮತ್ತೆ ಹತ್ತಿ ಕೂರುತ್ತದೆ. ಆಗ ಕೇಳುವುದೇ ಟಕ್ ಎಂಬ ಶಬ್ದ.

ಇನ್ನೊಂದು ವಿಶೇಷವಿದೆ. ಎಡಗಡೆಯ ಕೀಲು, ಬಲಗಡೆಯ ಕೀಲು ಒಂದೇ ಮೂಳೆಗೆ ಸೇರಿವೆ. ಒಂದು ಕದಲಿದರೆ ಇನ್ನೊಂದು ಕದಲಲೇಬೇಕು. ಜೋಡಿ ಎತ್ತಿನ ಹಾಗೆ ಅವು ಒಟ್ಟಿಗೇ ಕೆಲಸ ಮಾಡುತ್ತವೆ. ಒಂದು ಬದಿಯಲ್ಲಿ ತೊಂದರೆಯಾದರೆ ಬಾಯಿ ತೆರೆಯುವಾಗ ಗಲ್ಲ ಆ ಕಡೆಗೆ ವಾಲುವುದು ಇದೇ ಕಾರಣಕ್ಕೆ.

ಈ ಕೀಲು, ಅದರ ಮೆತ್ತೆ ಅಥವಾ ಅಗಿಯುವ ಸ್ನಾಯುಗಳಲ್ಲಿ ಬರುವ ನೋವು, ಶಬ್ದ, ಬಿಗಿತಗಳನ್ನೆಲ್ಲ ಸೇರಿಸಿ ವೈದ್ಯರು ಟಿಎಂಡಿ ಎನ್ನುತ್ತಾರೆ. ನಾವು ಇಲ್ಲಿ ಇದನ್ನು ದವಡೆ ಕೀಲಿನ ತೊಂದರೆ ಎಂದೇ ಕರೆಯೋಣ.

ಕ್ಲಿಪ್ ನಿಜಕ್ಕೂ ಏನು ಮಾಡುತ್ತದೆ?

ಕ್ಲಿಪ್ ಅಥವಾ ಬ್ರೇಸಸ್ ಹಲ್ಲನ್ನು ನೂಕುತ್ತದೆ, ಕೀಲನ್ನಲ್ಲ. ಹಲ್ಲಿಗೆ ಅಂಟಿಸಿದ ಪುಟ್ಟ ಬ್ರಾಕೆಟ್‌ಗಳ ಮೂಲಕ ತಂತಿ ಹಾದುಹೋಗುತ್ತದೆ. ಬಾಗಿಸಿದ ತಂತಿ ತನ್ನ ಮೂಲ ಆಕಾರಕ್ಕೆ ಮರಳಲು ನೋಡುತ್ತದೆ. ಆಗ ಹಲ್ಲಿನ ಮೇಲೆ ಸಣ್ಣದೊಂದು ಒತ್ತಡ ಬೀಳುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಸೆಳೆತವಿರುವ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್‌ನಷ್ಟು ಸರಿಯುತ್ತದೆ. ಚಿಕಿತ್ಸೆಗೆ ಒಂದೂವರೆ, ಎರಡು ವರ್ಷ ಹಿಡಿಯುವುದು ಇದಕ್ಕೇ.

ಈ ಬಲ ಎಷ್ಟಿರುತ್ತದೆ ಗೊತ್ತೇ? ಸಾಮಾನ್ಯವಾಗಿ ಹತ್ತಾರು ಗ್ರಾಂಗಳಿಂದ ಹಿಡಿದು ನೂರು ನೂರೈವತ್ತು ಗ್ರಾಂ. ಗಟ್ಟಿ ಚಕ್ಕುಲಿಯನ್ನೋ ಕೋಡುಬಳೆಯನ್ನೋ ಕಡಿಯುವಾಗ ನಮ್ಮ ದವಡೆ ಹಾಕುವ ಬಲ ಕಿಲೋಗಳ ಲೆಕ್ಕದಲ್ಲಿರುತ್ತದೆ. ದಿನಾ ಊಟ ಮಾಡುವಾಗ ಬೀಳುವ ಬಲವನ್ನು ತಡೆದುಕೊಳ್ಳುವ ಕೀಲಿಗೆ ತಂತಿಯ ಬಲ ದೊಡ್ಡದೇನಲ್ಲ.

ಕೆಲವು ಮಕ್ಕಳಿಗೆ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಕೆಳದವಡೆ ಹಿಂದಿರುವ ಮಕ್ಕಳಿಗೆ ಟ್ವಿನ್ ಬ್ಲಾಕ್‌ನಂಥ ಉಪಕರಣ ಕೊಡುತ್ತಾರೆ. ಇದು ಕೆಳದವಡೆಯನ್ನು ಮುಂದೆ ಹಿಡಿದಿಡುತ್ತದೆ. ಇಲ್ಲಿ ಮಾತ್ರ ಕೀಲು ಮತ್ತು ಸ್ನಾಯುಗಳು ಹೊಸ ಭಂಗಿಗೆ ಒಗ್ಗಿಕೊಳ್ಳಬೇಕಾಗುತ್ತದೆ. ಮೊದಲ ಕೆಲವು ದಿನ ಕೆನ್ನೆಯಲ್ಲಿ, ಕಿವಿಯ ಮುಂದೆ ಸ್ವಲ್ಪ ನೋವು ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಅದು ತಾನಾಗಿಯೇ ಇಳಿಯುತ್ತದೆ. ಇಂಥ ಉಪಕರಣ ಧರಿಸಿದ ಮಕ್ಕಳ ಕೀಲನ್ನು ಎಂಆರ್‌ಐ ಸ್ಕ್ಯಾನ್‌ನಲ್ಲಿ ನೋಡಿದ ಅಧ್ಯಯನಗಳಲ್ಲಿ, ಆರೋಗ್ಯವಾಗಿದ್ದ ಕೀಲು ಚಿಕಿತ್ಸೆಯಿಂದ ಹಾಳಾದದ್ದು ಕಂಡುಬಂದಿಲ್ಲ. ಹದಿಹರೆಯದವರ ಕೀಲು ಇನ್ನೂ ಬೆಳೆಯುತ್ತಿರುವುದರಿಂದ ಅದಕ್ಕೆ ಹೊಂದಿಕೊಳ್ಳುವ ಶಕ್ತಿಯೂ ಚೆನ್ನಾಗಿರುತ್ತದೆ.

ಹಾಗಾದರೆ ಈ ಭಯ ಎಲ್ಲಿಂದ ಬಂತು?

ಇದಕ್ಕೊಂದು ಇತಿಹಾಸವಿದೆ. 1987ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ನ್ಯಾಯಾಲಯದಲ್ಲಿ ಒಂದು ಪ್ರಕರಣದ ತೀರ್ಪು ಬಂತು. ಹದಿಹರೆಯದ ಹುಡುಗಿಯೊಬ್ಬಳಿಗೆ ಮೇಲಿನ ಎರಡು ಹಲ್ಲು ತೆಗೆಸಿ, ತಲೆಗೆ ಕಟ್ಟುವ ಹೆಡ್‌ಗಿಯರ್ ಎಂಬ ಪಟ್ಟಿಯನ್ನೂ ಬಳಸಿ ಹಲ್ಲು ಸರಿಪಡಿಸಲಾಗಿತ್ತು. ಅದರಿಂದಲೇ ದವಡೆ ಕೀಲು ಹಾಳಾಯಿತು ಎಂಬುದು ಆರೋಪ. ಜ್ಯೂರಿ ಅದನ್ನು ಒಪ್ಪಿ 8,50,000 ಡಾಲರ್ ಪರಿಹಾರ ನೀಡಬೇಕೆಂದಿತು. ಆಗಿನ ಕಾಲಕ್ಕೆ ಅದು ಭಾರಿ ಮೊತ್ತ.

ಅಲ್ಲಿ ಮಂಡಿಸಿದ ವಾದ ಕೇಳಲು ಸರಿಯಾಗಿಯೇ ಇತ್ತು. ಹಲ್ಲು ಕಿತ್ತು ಮುಂದಿನ ಹಲ್ಲುಗಳನ್ನು ಒಳಗೆ ಎಳೆದರೆ, ಅವು ಕೆಳದವಡೆಯನ್ನು ಹಿಂದಕ್ಕೆ ತಳ್ಳುತ್ತವೆ, ದವಡೆಯ ತುದಿ ಮೆತ್ತೆಯಿಂದ ಹಿಂದೆ ಜಾರುತ್ತದೆ, ನೋವು ಶುರುವಾಗುತ್ತದೆ ಎಂಬ ವಾದವದು. ಆದರೆ ಕೇಳಲು ಸರಿಯಾಗಿರುವುದೆಲ್ಲ ನಿಜವಾಗಿರಬೇಕೆಂದಿಲ್ಲ. ಒಬ್ಬರ ಪ್ರಕರಣದಲ್ಲಿ ಜ್ಯೂರಿ ಕೊಟ್ಟ ತೀರ್ಪು ವೈಜ್ಞಾನಿಕ ಪುರಾವೆಯೂ ಅಲ್ಲ.

ಆ ತೀರ್ಪಿನಿಂದ ಒಂದು ಒಳ್ಳೆಯದೂ ಆಯಿತು. ದಂತ ವೈದ್ಯ ಜಗತ್ತು ಈ ಪ್ರಶ್ನೆಯನ್ನು ಗಂಭೀರವಾಗಿ ಪರೀಕ್ಷಿಸತೊಡಗಿತು. 1992ರ ಜನವರಿಯಲ್ಲಿ ಅಮೆರಿಕದ ಪ್ರಮುಖ ಆರ್ಥೊಡಾಂಟಿಕ್ಸ್ ಪತ್ರಿಕೆ ಈ ವಿಷಯಕ್ಕೇ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. 1995ರಲ್ಲಿ ಮೆಕ್‌ನಮಾರಾ, ಸೆಲಿಗ್‌ಮನ್ ಮತ್ತು ಓಕೆಸನ್ ಎಂಬ ಮೂವರು ತಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಹದಿಹರೆಯದಲ್ಲಿ ಪಡೆದ ಹಲ್ಲಿನ ಚಿಕಿತ್ಸೆ ಮುಂದೆ ದವಡೆ ಕೀಲಿನ ತೊಂದರೆ ಬರುವ ಸಾಧ್ಯತೆಯನ್ನು ಸಾಮಾನ್ಯವಾಗಿ ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ ಎಂಬುದು ಅವರ ತೀರ್ಮಾನಗಳಲ್ಲಿ ಒಂದು.

ಇಪ್ಪತ್ತು ವರ್ಷ ಹಿಂಬಾಲಿಸಿದ ಅಧ್ಯಯನ

ಹಲ್ಲಿನ ಚಿಕಿತ್ಸೆಯ ಪರಿಣಾಮ ಹತ್ತಿಪ್ಪತ್ತು ವರ್ಷಗಳ ನಂತರ ಕಾಣಿಸಿಕೊಂಡರೆ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೂ ಉತ್ತರ ಹುಡುಕಿದವರಿದ್ದಾರೆ.

ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಕಾರ್ಡಿಫ್ ನಗರದಲ್ಲಿ 1981ರಲ್ಲಿ 11-12 ವರ್ಷದ 1,018 ಮಕ್ಕಳನ್ನು ಪರೀಕ್ಷಿಸಲಾಯಿತು. ಅವರಲ್ಲಿ ಕೆಲವರು ಮುಂದೆ ಕ್ಲಿಪ್ ಹಾಕಿಸಿಕೊಂಡರು, ಕೆಲವರು ಹಾಕಿಸಿಕೊಳ್ಳಲಿಲ್ಲ. ಅವರು ಬೆಳೆದಂತೆಲ್ಲ ಮತ್ತೆ ಮತ್ತೆ ಪರೀಕ್ಷೆ ನಡೆಯಿತು. ಕೊನೆಯ ಸುತ್ತಿನಲ್ಲಿ, ಅವರಿಗೆ 30-31 ವರ್ಷವಾದಾಗ, 337 ಜನ ಸಿಕ್ಕರು. ಇದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

ದವಡೆ ಕೀಲಿನ ತೊಂದರೆ 11-12ನೇ ವಯಸ್ಸಿನಲ್ಲಿ ಶೇ. 3.2ರಷ್ಟು ಮಕ್ಕಳಲ್ಲಿತ್ತು. 19-20ನೇ ವಯಸ್ಸಿಗೆ ಅದು ಶೇ. 17.6ಕ್ಕೆ ಏರಿತು. 30-31ನೇ ವಯಸ್ಸಿಗೆ ಮತ್ತೆ ಶೇ. 9.9ಕ್ಕೆ ಇಳಿಯಿತು. ಈ ಏರಿಳಿತಕ್ಕೂ ಕ್ಲಿಪ್ ಹಾಕಿಸಿಕೊಂಡದ್ದಕ್ಕೂ ಸಂಬಂಧ ಕಾಣಲಿಲ್ಲ. ಯೌವನದಲ್ಲಿ ತೊಂದರೆ ಯಾರಿಗೆ ಬರಬಹುದು ಎಂಬುದನ್ನು ಸೂಚಿಸಿದ ಅಂಶಗಳು ಎರಡೇ. ಒಂದು, ಹೆಣ್ಣಾಗಿರುವುದು. ಎರಡು, ಹದಿಹರೆಯದಲ್ಲೇ ತೊಂದರೆ ಇದ್ದದ್ದು.

ಎಲ್ಲ ಮಕ್ಕಳನ್ನೂ ಇಪ್ಪತ್ತು ವರ್ಷ ಹಿಂಬಾಲಿಸಲು ಆಗಲಿಲ್ಲ ಎಂಬುದು ಈ ಅಧ್ಯಯನದ ಮಿತಿ. ಆದರೆ ಇದೊಂದೇ ಅಲ್ಲ. ಸ್ವೀಡನ್ನಿನಲ್ಲಿ 11ರಿಂದ 15 ವರ್ಷದ ಹುಡುಗಿಯರನ್ನು ಮೂರು ಗುಂಪು ಮಾಡಿ ಎರಡು ವರ್ಷ ಗಮನಿಸಿದರು. ಉಬ್ಬು ಹಲ್ಲಿಗೆ ಚಿಕಿತ್ಸೆ ಪಡೆದವರು, ಉಬ್ಬು ಹಲ್ಲಿದ್ದೂ ಚಿಕಿತ್ಸೆ ಪಡೆಯದವರು, ಹಲ್ಲು ಸರಿಯಾಗಿದ್ದವರು, ಇವೇ ಆ ಗುಂಪುಗಳು. ಅಲ್ಲೂ ಚಿಕಿತ್ಸೆಯಿಂದ ಕೀಲಿನ ತೊಂದರೆಯ ಅಪಾಯ ಹೆಚ್ಚಲಿಲ್ಲ. ಬೇರೆ ಬೇರೆ ದೇಶ, ಬೇರೆ ಬೇರೆ ವಿಧಾನ, ಆದರೆ ಉತ್ತರ ಒಂದೇ ದಿಕ್ಕಿನಲ್ಲಿದೆ.

ಕ್ಲಿಪ್ ಹಾಕಿದ ಮೇಲೇ ಶಬ್ದ ಶುರುವಾಯಿತಲ್ಲ?

ಹೌದು, ಬಹಳ ಪೋಷಕರು ಹೀಗೆ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಕೀಲಿನ ತೊಂದರೆ ಏರುವುದು ಹನ್ನೆರಡರಿಂದ ಇಪ್ಪತ್ತರ ನಡುವೆ. ಕ್ಲಿಪ್ ಹಾಕಿಸುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ. ಎರಡೂ ಒಂದೇ ಕಾಲಕ್ಕೆ ಬಂದಾಗ ಒಂದರಿಂದ ಇನ್ನೊಂದು ಬಂತು ಎಂದು ಅನ್ನಿಸುವುದು ಸಹಜ.

ಎಸ್ಸೆಸ್ಸೆಲ್ಸಿ ಓದುವ ಹೊತ್ತಿಗೆ ಹುಡುಗರಿಗೆ ಮೀಸೆ ಚಿಗುರುತ್ತದೆ. ಹಾಗೆಂದು ಪರೀಕ್ಷೆಯ ಒತ್ತಡದಿಂದ ಮೀಸೆ ಬಂತು ಎನ್ನುತ್ತೇವೆಯೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಇದು.

ಈ ವಯಸ್ಸಿನಲ್ಲಿ ದವಡೆಗೆ ತೊಂದರೆ ಕೊಡುವ ಬೇರೆ ಸಂಗತಿಗಳೂ ಇವೆ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಓದುವಾಗ ಅಥವಾ ಮೊಬೈಲ್ ಗೇಮ್ ಆಡುವಾಗ ಗೊತ್ತಿಲ್ಲದೆಯೇ ಹಲ್ಲು ಬಿಗಿಹಿಡಿಯುವುದು, ದಿನವಿಡೀ ಚೂಯಿಂಗ್ ಗಮ್ ಅಗಿಯುವುದು, ಉಗುರು, ಪೆನ್ನು ಕಚ್ಚುವುದು, ಸರಿಯಾದ ನಿದ್ದೆ ಇಲ್ಲದಿರುವುದು, ಮಾನಸಿಕ ಒತ್ತಡ, ಗಲ್ಲಕ್ಕೆ ಬಿದ್ದ ಪೆಟ್ಟು. ದವಡೆಯ ಅಂದ ಹೆಚ್ಚಿಸುತ್ತದೆ ಎಂದು ರೀಲ್ಸ್‌ನಲ್ಲಿ ತೋರಿಸುವ ಗಟ್ಟಿ ರಬ್ಬರ್ ಉಂಡೆಗಳನ್ನು ಗಂಟೆಗಟ್ಟಲೆ ಅಗಿಯುವುದೂ ಸ್ನಾಯುಗಳನ್ನು ದಣಿಸುತ್ತದೆ.

ಹಲ್ಲು ಕೀಳಿಸಿದರೆ ಕೀಲಿಗೆ ಅಪಾಯವೇ?

ಬಾಯಲ್ಲಿ ಜಾಗ ಸಾಲದಿದ್ದಾಗ ಕೋರೆಹಲ್ಲಿನ ಪಕ್ಕದ ಹಲ್ಲುಗಳಲ್ಲಿ ಎರಡನ್ನೋ ನಾಲ್ಕನ್ನೋ ತೆಗೆಯಬೇಕಾಗಬಹುದು. ಇದೇ ಪೋಷಕರನ್ನು ಹೆಚ್ಚು ಹೆದರಿಸುವ ವಿಷಯ. ಮಿಷಿಗನ್ ಪ್ರಕರಣದ ವಾದ ನಿಂತಿದ್ದೂ ಇದರ ಮೇಲೆಯೇ.

ಹಲ್ಲು ತೆಗೆಸಿ ಚಿಕಿತ್ಸೆ ಪಡೆದವರನ್ನೂ ತೆಗೆಸದೆ ಪಡೆದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಕೀಲಿನ ತೊಂದರೆಯ ಅಪಾಯ ಹೆಚ್ಚಾಗಿರಲಿಲ್ಲ. ಎಕ್ಸ್‌ರೇ ತೆಗೆದು ನೋಡಿದಾಗಲೂ ದವಡೆಯ ತುದಿ ಹಿಂದಕ್ಕೆ ಜಾರಿರಲಿಲ್ಲ. ಹಾಗೆಂದು ಎಲ್ಲರಿಗೂ ಹಲ್ಲು ತೆಗೆಸಬೇಕು ಎಂದು ನಾವು ಹೇಳುತ್ತಿಲ್ಲ. ತೆಗೆಯಬೇಕೇ ಬೇಡವೇ ಎಂಬುದು ಹಲ್ಲಿನ ಇಕ್ಕಟ್ಟು, ಮುಖದ ಆಕಾರ, ತುಟಿಯ ನಿಲುವು ನೋಡಿ ನಿರ್ಧಾರವಾಗುತ್ತದೆ. ಕಾರಣ ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ. ಆದರೆ ಕೀಲು ಹಾಳಾಗುತ್ತದೆ ಎಂಬ ಭಯಕ್ಕಾಗಿ ಬೇಡ ಎನ್ನಬೇಕಿಲ್ಲ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬ ಹಳೆಯ ನಂಬಿಕೆಯೂ ನಮ್ಮ ಊರುಗಳಲ್ಲಿದೆ. ಅದೂ ನಿಜವಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಇನ್ನೊಂದು ಸುಳ್ಳು: ಕ್ಲಿಪ್ ಹಾಕಿಸಿದರೆ ಕೀಲಿನ ನೋವು ಗುಣವಾಗುತ್ತದೆ

ಹೆದರಿಸುವ ಸಂದೇಶದಷ್ಟೇ ಇದೂ ದಾರಿ ತಪ್ಪಿಸುತ್ತದೆ. ಹಲ್ಲು ಸರಿಯಾಗಿ ಕೂಡದಿರುವುದೇ ಕೀಲು ನೋವಿಗೆ ಕಾರಣ ಎಂದು ಹಿಂದೆ ಬಹಳ ವೈದ್ಯರೇ ನಂಬಿದ್ದರು. ಹಲ್ಲು ಸಾಲಾಗಿ ನಿಂತರೆ ನೋವು ಹೋಗುತ್ತದೆ ಎಂಬ ಲೆಕ್ಕಾಚಾರ ಹುಟ್ಟಿದ್ದು ಅಲ್ಲಿಂದ.

ವೈದ್ಯಕೀಯ ಪುರಾವೆಗಳನ್ನು ಜರಡಿ ಹಿಡಿಯುವುದಕ್ಕೆ ಹೆಸರಾದ ಕೊಕ್ರೇನ್ ಸಂಸ್ಥೆ 2010ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿತು. ಕ್ಲಿಪ್ ಚಿಕಿತ್ಸೆಯಿಂದ ದವಡೆ ಕೀಲಿನ ತೊಂದರೆ ಗುಣವಾಗುತ್ತದೆ ಎಂದು ತೋರಿಸುವ ಸರಿಯಾದ ಪ್ರಯೋಗ ಒಂದೂ ಅದಕ್ಕೆ ಸಿಗಲಿಲ್ಲ. ಅದೇ ವರ್ಷ ಅಮೆರಿಕದ ದಂತ ಸಂಶೋಧಕರ ಸಂಘ ತನ್ನ ನಿಲುವನ್ನು ಸ್ಪಷ್ಟಪಡಿಸಿತು. ಕೀಲಿನ ತೊಂದರೆಗೆ ಮೊದಲು ಸರಳವಾದ, ಬೇಡವೆಂದಾಗ ನಿಲ್ಲಿಸಿ ಮೊದಲಿನ ಸ್ಥಿತಿಗೆ ಬರಬಹುದಾದ ಚಿಕಿತ್ಸೆಗಳನ್ನೇ ಬಳಸಬೇಕು ಎಂಬುದು ಆ ನಿಲುವು. ಕೀಲಿನ ನೋವಿಗೆಂದು ಆರೋಗ್ಯವಾಗಿರುವ ಹಲ್ಲುಗಳನ್ನು ಉಜ್ಜಿ ತೆಳು ಮಾಡುವುದು ಹಿಂದಿರುಗಿಸಲಾಗದ ಕೆಲಸ. ಒಮ್ಮೆ ಉಜ್ಜಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಆದ್ದರಿಂದ ಟಕ್ ಶಬ್ದ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಕ್ಲಿಪ್ ಹಾಕಿಸಬೇಡಿ. ಕ್ಲಿಪ್ ಹಾಕಿಸಲು ಬೇರೆ ಒಳ್ಳೆಯ ಕಾರಣಗಳಿವೆ. ಇಕ್ಕಟ್ಟಾದ ಹಲ್ಲುಗಳನ್ನು ಶುಚಿ ಮಾಡುವುದು ಕಷ್ಟ. ತೀರಾ ಮುಂದೆ ಚಾಚಿದ ಮೇಲಿನ ಹಲ್ಲುಗಳು ಬಿದ್ದಾಗ ಮುರಿಯುವ ಸಾಧ್ಯತೆ ಹೆಚ್ಚು. ಮೂಳೆಯೊಳಗೆ ಸಿಕ್ಕಿಕೊಂಡ ಕೋರೆಹಲ್ಲನ್ನು ಹೊರತರಬೇಕಾಗಬಹುದು. ಮಗುವಿಗೆ ನಗಲು ಸಂಕೋಚವಾಗುತ್ತಿದ್ದರೆ ಅದೂ ಸಣ್ಣ ಕಾರಣವಲ್ಲ.

ಟಕ್ ಶಬ್ದಕ್ಕೆ ಹೆದರಬೇಕೇ?

ನೋವಿಲ್ಲದೆ, ಬಾಯಿ ಪೂರ್ತಿ ತೆರೆಯಲು ಅಡ್ಡಿಯಿಲ್ಲದೆ, ಬರೀ ಶಬ್ದ ಮಾತ್ರ ಇದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಆರೋಗ್ಯವಂತರಾದ ಎಷ್ಟೋ ಜನರಲ್ಲಿ ಇಂಥ ಶಬ್ದ ಇರುತ್ತದೆ. ಕೆಲವರಲ್ಲಿ ಬಂದು ಹೋಗುತ್ತದೆ. ಶಬ್ದ ಬರುತ್ತದೆಯೇ ಎಂದು ಮತ್ತೆ ಮತ್ತೆ ಬಾಯಿ ತೆರೆದು ಪರೀಕ್ಷಿಸುವ ಅಭ್ಯಾಸವನ್ನು ಮಾತ್ರ ಬಿಡಿಸಿ.

ನೋವು ಕಾಣಿಸಿಕೊಂಡರೆ ಮನೆಯಲ್ಲೇ ಮಾಡಬಹುದಾದ ಕೆಲಸಗಳಿವೆ. ಕೆಲವು ದಿನ ಮೆತ್ತನೆಯ ಊಟ ಕೊಡಿ. ಮುದ್ದೆ, ಮೊಸರನ್ನ, ಇಡ್ಲಿ, ಬೇಳೆ ಸಾರು ಸಾಕು. ಕಬ್ಬು ಸಿಗಿಯುವುದು, ಗಟ್ಟಿ ಚಿಕ್ಕಿ ಕಡಿಯುವುದು, ಚೂಯಿಂಗ್ ಗಮ್ ಬೇಡ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಕೆನ್ನೆಗೆ ಹಿತವಾದ ಶಾಖ ಕೊಡಿ. ಆಕಳಿಸುವಾಗ ಗಲ್ಲದ ಕೆಳಗೆ ಕೈ ಇಟ್ಟುಕೊಳ್ಳಲು ಹೇಳಿ. ಮುಖ್ಯವಾಗಿ ಒಂದು ಅಭ್ಯಾಸ ಕಲಿಸಿ. ಸುಮ್ಮನಿರುವಾಗ ತುಟಿಗಳು ಕೂಡಿರಬೇಕು, ಹಲ್ಲುಗಳು ಬಿಟ್ಟಿರಬೇಕು. ಮೇಲಿನ ಹಲ್ಲು, ಕೆಳಗಿನ ಹಲ್ಲು ಅಗಿಯುವಾಗ, ನುಂಗುವಾಗ ಮಾತ್ರ ತಾಗಬೇಕು. ಉಳಿದ ಹೊತ್ತು ಅವುಗಳ ನಡುವೆ ಸಣ್ಣ ಸಂದು ಇರುವುದೇ ಸರಿ.

ಚಿಕಿತ್ಸೆಯ ನಡುವೆ ನೋವು ಬಂದರೆ ಏನು ಮಾಡಬೇಕು?

ಇಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಒಂದು, ಕ್ಲಿಪ್ ಅಂದಮೇಲೆ ನೋವು ಇದ್ದದ್ದೇ ಎಂದು ಸುಮ್ಮನಿರುವುದು. ಎರಡು, ಫಾರ್ವರ್ಡ್ ಓದಿ ಹೆದರಿ ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸುವುದು ಅಥವಾ ತಂತಿಯನ್ನು ಮನೆಯಲ್ಲೇ ಕತ್ತರಿಸುವುದು.

ತಂತಿ ಬಿಗಿ ಮಾಡಿದ ಮೇಲೆ ಎರಡು ಮೂರು ದಿನ ಹಲ್ಲು ನೋಯುವುದು ಸಹಜ. ಆದರೆ ಕಿವಿಯ ಮುಂದಿನ ಕೀಲಿನಲ್ಲೇ ನೋವು ಬಂದು, ಅದು ಇಳಿಯದೆ ಮುಂದುವರಿದರೆ ಮುಂದಿನ ತಾರೀಖಿನವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. ಅವರು ರಬ್ಬರ್ ಬ್ಯಾಂಡ್ ಸ್ವಲ್ಪ ದಿನ ನಿಲ್ಲಿಸಬಹುದು, ಬಲ ತಗ್ಗಿಸಬಹುದು, ಮೊದಲು ಕೀಲಿನ ನೋವನ್ನು ನೋಡಿಕೊಂಡು ಆಮೇಲೆ ಚಿಕಿತ್ಸೆ ಮುಂದುವರಿಸಬಹುದು.

ಅರ್ಧಕ್ಕೇ ಬಿಟ್ಟರೆ ನಷ್ಟ ಹೆಚ್ಚು. ಹಲ್ಲು ತೆಗೆದ ಜಾಗದ ಸಂದು ಹಾಗೇ ಉಳಿಯುತ್ತದೆ. ಯಾರೂ ನೋಡಿಕೊಳ್ಳದ ತಂತಿ ಹಲ್ಲನ್ನು ಬೇಡದ ಕಡೆಗೆ ಸರಿಸಬಹುದು. ಬ್ರಾಕೆಟ್ ಸುತ್ತ ಕೊಳೆ ಕೂತು ಹಲ್ಲಿನ ಮೇಲೆ ಬಿಳಿ ಕಲೆ, ಹುಳುಕು ಬರುತ್ತದೆ. ಕ್ಲಿಪ್‌ನ ನಿಜವಾದ ಅಪಾಯಗಳು ಇವೇ. ಸರಿಯಾಗಿ ಉಜ್ಜದಿದ್ದರೆ ಹುಳುಕು, ಒಸಡಿನ ಊತ, ಕೆಲವರಲ್ಲಿ ಹಲ್ಲಿನ ಬೇರು ಸ್ವಲ್ಪ ಮೊಟಕಾಗುವುದು, ರಿಟೇನರ್ ಧರಿಸದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಮರಳುವುದು. ಫಾರ್ವರ್ಡ್‌ಗಳು ಇವುಗಳ ಬಗ್ಗೆ ಮಾತನಾಡುವುದೇ ಇಲ್ಲ.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ

ಮಗುವಿಗೆ ಕ್ಲಿಪ್ ಇರಲಿ, ಇಲ್ಲದಿರಲಿ, ಕೆಳಗಿನ ಯಾವುದಾದರೂ ಕಂಡರೆ ವೈದ್ಯರಿಗೆ ತೋರಿಸಿ.

1. ಬಾಯಿ ತೆರೆಯುವುದು ಕಡಿಮೆಯಾಗಿದೆ. ಮಗುವಿನ ಮೂರು ಬೆರಳನ್ನು ಒಂದರ ಮೇಲೊಂದರಂತೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಲು ಹೇಳಿ. ಮಗುವಿನದೇ ಬೆರಳುಗಳಾಗಿರಬೇಕು. ಹಿಡಿಯದಿದ್ದರೆ ಪರೀಕ್ಷೆ ಬೇಕು. ಮೊದಲು ಟಕ್ ಎನ್ನುತ್ತಿದ್ದ ಕೀಲಿನ ಶಬ್ದ ಇದ್ದಕ್ಕಿದ್ದಂತೆ ನಿಂತು ಬಾಯಿ ಅರ್ಧವೇ ತೆರೆಯುತ್ತಿದ್ದರೆ ಮೆತ್ತೆ ಜಾರಿ ಸಿಕ್ಕಿಕೊಂಡಿರಬಹುದು.

2. ಬಾಯಿ ತೆರೆದು ಮುಚ್ಚಲಾಗುತ್ತಿಲ್ಲ. ಆಕಳಿಸುವಾಗ ದವಡೆ ಜಾರಿ ನಿಂತಿರಬಹುದು. ಮನೆಯಲ್ಲಿ ಬಲವಂತವಾಗಿ ಒತ್ತಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

3. ಗಲ್ಲ ದಿನೇದಿನೇ ಒಂದು ಕಡೆಗೆ ವಾಲುತ್ತಿದೆ ಅಥವಾ ಮೊದಲು ತಾಗುತ್ತಿದ್ದ ಮುಂದಿನ ಹಲ್ಲುಗಳು ಈಗ ತಾಗುತ್ತಿಲ್ಲ. ಮಕ್ಕಳಲ್ಲಿ ಬರುವ ಒಂದು ಬಗೆಯ ಸಂಧಿವಾತ ದವಡೆ ಕೀಲನ್ನೂ ಹಿಡಿಯುತ್ತದೆ, ಕೆಲವೊಮ್ಮೆ ನೋವೇ ಇಲ್ಲದೆ. ಹದಿಹರೆಯದ ಹುಡುಗಿಯರಲ್ಲಿ ಅಪರೂಪಕ್ಕೆ ದವಡೆಯ ತುದಿಯೇ ಕರಗುವ ಕಾಯಿಲೆಯೂ ಇದೆ. ಇವು ಕ್ಲಿಪ್‌ನಿಂದ ಬಂದವಲ್ಲ. ಆದರೆ ಕ್ಲಿಪ್‌ನ ಮೇಲೆ ತಪ್ಪು ಹೊರಿಸಿ ಸುಮ್ಮನಾದರೆ ಬೇಗ ಪತ್ತೆಯಾಗುವ ಅವಕಾಶ ಕೈತಪ್ಪುತ್ತದೆ. ಬೆಳಿಗ್ಗೆ ಎದ್ದಾಗ ಮೊಣಕಾಲು, ಮಣಿಕಟ್ಟು ಬಿಗಿಯಾಗಿರುತ್ತದೆಯೇ ಎಂದೂ ಕೇಳಿ.

4. ಸೈಕಲ್‌ನಿಂದ ಬಿದ್ದು ಗಲ್ಲ ಒಡೆದಿದೆ. ಗಲ್ಲಕ್ಕೆ ಹೊಲಿಗೆ ಹಾಕಿಸಿ ಮನೆಗೆ ಬಂದರೆ ಸಾಲದು. ಗಲ್ಲಕ್ಕೆ ಬಿದ್ದ ಪೆಟ್ಟು ಮೇಲಕ್ಕೆ ಹೋಗಿ ಕೀಲಿನ ಹತ್ತಿರ ಮೂಳೆ ಮುರಿಯಬಹುದು. ಗಮನಿಸದೆ ಬಿಟ್ಟರೆ ಆ ಬದಿಯ ದವಡೆಯ ಬೆಳವಣಿಗೆ ಕುಂಠಿತವಾಗಬಹುದು, ಕೀಲು ಅಂಟಿಕೊಳ್ಳಲೂಬಹುದು.

5. ಬಾಯಿ ಬಿಗಿಯಾಗುತ್ತಿದೆ, ಖಾರ ತಿಂದರೆ ಉರಿಯುತ್ತದೆ. ಇದು ಕೀಲಿನ ಕಾಯಿಲೆಯೇ ಅಲ್ಲದಿರಬಹುದು. ಗುಟ್ಕಾ, ಅಡಿಕೆ ಜಗಿಯುವವರಲ್ಲಿ ಬಾಯೊಳಗಿನ ಪದರ ನಾರುಗಟ್ಟಿ ಬಿಗಿಯುತ್ತದೆ. ಹದಿಹರೆಯದವರಲ್ಲೂ ಇದು ಕಾಣುತ್ತದೆ. ಮುಂದೆ ಕ್ಯಾನ್ಸರ್ ಆಗುವ ಅಪಾಯವಿರುವ ಸ್ಥಿತಿ ಇದು. ಮಗ ಗುಟ್ಕಾ ತಿನ್ನುತ್ತಾನೆಂದು ಬೈಯುವುದಕ್ಕಿಂತ ಮೊದಲು ಅವನ ಬಾಯಿಯನ್ನು ದಂತ ವೈದ್ಯರಿಗೆ ತೋರಿಸಿ.

6. ಕೀಲಿನ ಮೇಲೆ ಊತ, ಜೊತೆಗೆ ಜ್ವರ, ಅಥವಾ ಎರಡು ವಾರ ಕಳೆದರೂ ಹೋಗದ ನೋವು.

ಕ್ಲಿಪ್ ಹಾಕಿಸುವ ಮುನ್ನ ಕೇಳಬೇಕಾದ್ದು

ಹಲ್ಲು ಜೋಡಣೆಯ ತಜ್ಞರನ್ನು ಆರ್ಥೊಡಾಂಟಿಸ್ಟ್ ಎನ್ನುತ್ತಾರೆ. ನಮ್ಮಲ್ಲಿ ಐದು ವರ್ಷದ ಬಿಡಿಎಸ್ ಮುಗಿಸಿ, ಆಮೇಲೆ ಮೂರು ವರ್ಷ ಇದೇ ವಿಷಯದಲ್ಲಿ ಎಂಡಿಎಸ್ ಓದಿದವರು ಇವರು. ಚಿಕಿತ್ಸೆ ಕೊಡುವವರು ಯಾರು, ಅವರ ಓದು ಏನು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಖಾಸಗಿಯಲ್ಲಿ ದುಬಾರಿ ಎನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಹಾಗೂ ಇತರ ದಂತ ಕಾಲೇಜುಗಳಲ್ಲಿ ಈ ವಿಭಾಗವಿದೆ, ಅಲ್ಲಿ ವಿಚಾರಿಸಿ.

ಮೊದಲ ಭೇಟಿಯಲ್ಲೇ ಕೀಲಿನ ಪರೀಕ್ಷೆ ಮಾಡಿಸಿ. ಬಾಯಿ ಎಷ್ಟು ತೆರೆಯುತ್ತದೆ, ಶಬ್ದ ಇದೆಯೇ, ಒತ್ತಿದರೆ ನೋವಿದೆಯೇ, ಇದನ್ನೆಲ್ಲ ಬರೆದಿಡಲು ಹೇಳಿ. ಮುಂದೆ ತೊಂದರೆ ಬಂದರೆ ಅದು ಮೊದಲೇ ಇತ್ತೋ ಹೊಸದೋ ಎಂದು ಹೇಳಲು ಈ ಒಂದು ಪುಟದ ದಾಖಲೆ ಸಾಕು. ಮಗುವಿಗೆ ಆಗಲೇ ಕೀಲಿನಲ್ಲಿ ನೋವಿದ್ದರೆ ಮೊದಲು ಅದನ್ನು ಶಮನ ಮಾಡಿ, ನಂತರ ಕ್ಲಿಪ್ ಶುರುಮಾಡುವುದು ಸರಿಯಾದ ಕ್ರಮ. ವೈದ್ಯರು ಮಗುವಿನ ಬಾಯಿಯನ್ನು ನೋಡದೆಯೇ ಆನ್‌ಲೈನ್‌ನಲ್ಲಿ ಮಾರುವ ಹಲ್ಲಿನ ಅಚ್ಚುಗಳ ಸಹವಾಸ ಬೇಡ.

ಕೊನೆಯದಾಗಿ

ಕ್ಲಿಪ್ ದವಡೆ ಕೀಲಿನ ಶತ್ರುವೂ ಅಲ್ಲ, ಔಷಧಿಯೂ ಅಲ್ಲ. ಅದು ಹಲ್ಲು ಸರಿಪಡಿಸುವ ಸಾಧನ, ಅಷ್ಟೇ. ಹೆದರಿಸುವ ಸಂದೇಶ ನೋಡಿ ಚಿಕಿತ್ಸೆ ನಿಲ್ಲಿಸಬೇಡಿ. ಆಸೆ ತೋರಿಸುವ ಸಂದೇಶ ನೋಡಿ ಬೇಡದ ಚಿಕಿತ್ಸೆಗೆ ಹಣ ಸುರಿಯಬೇಡಿ.

ಮುಂದಿನ ಸಲ ಇಂಥ ಸಂದೇಶ ಬಂದಾಗ ಅದನ್ನು ಮುಂದಕ್ಕೆ ಕಳಿಸುವ ಬದಲು ನಿಮ್ಮ ಮಗುವನ್ನು ಹತ್ತಿರ ಕರೆದು ಬಾಯಿ ಪೂರ್ತಿ ತೆರೆಯಲು ಹೇಳಿ. ಅದರ ಮೂರು ಬೆರಳು ಹಿಡಿಯುತ್ತದೆಯೇ, ಗಲ್ಲ ನೇರವಾಗಿ ಇಳಿಯುತ್ತದೆಯೇ, ನೋವಿದೆಯೇ ಎಂದು ನೋಡಿ. ಒಂದು ನಿಮಿಷದ ಕೆಲಸ. ಗ್ರೂಪಿಗೆ ಏನಾದರೂ ಕಳಿಸಲೇಬೇಕು ಅನ್ನಿಸಿದರೆ ಮೇಲಿನ ಆರು ಲಕ್ಷಣಗಳ ಪಟ್ಟಿಯನ್ನು ಕಳಿಸಿ. ಯಾರದೋ ಮನೆಯ ಮಗುವಿಗೆ ಅದು ಉಪಯೋಗಕ್ಕೆ ಬರಬಹುದು.